ಹೊಸ ಗಾಡಿ, ಹಳೇ ಅಪ್ಪ, ಮೊದಲ 900 ಕಿಲೋಮೀಟರ್

ಮೀಟರ್ 4

ಗಾಡಿ ಮನೆಗೆ ಬಂತು. 125 ಸಿಸಿ ಸ್ಕೂಟರ್, ಬೂದು ಬಣ್ಣ. ಅಮ್ಮ ಆರತಿ ಎತ್ತಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಅದನ್ನು ಅಪ್ಪಚ್ಚಿ ಮಾಡಿದ್ದೂ ಆಯಿತು. ಅಷ್ಟು ಹೊತ್ತೂ ಅಪ್ಪ ಕೈಕಟ್ಟಿ ನಿಂತಿದ್ದರು. ಎಲ್ಲ ಮುಗಿದ ಮೇಲೆ ಒಂದೇ ಮಾತು: "ಸಾವಿರ ಕಿಲೋಮೀಟರ್ ಆಗೋವರ್ಗೂ ನಲವತ್ತು ದಾಟಬೇಡ."

ಅಪ್ಪನದು ಹಳೇ ಬಜಾಜ್ ಚೇತಕ್ ಸ್ಕೂಟರ್ ಕಾಲದ ಲೆಕ್ಕ. ಅದು ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಹೊಸದರಲ್ಲಿ ಜೋರಾಗಿ ಓಡಿಸಿದರೆ ಪಿಸ್ಟನ್ ಬಿಸಿಗೆ ಉಬ್ಬಿ, ತಾನು ಓಡಾಡುವ ಕೊಳವೆಗೆ, ಅಂದರೆ ಬೋರಿಗೆ, ಕಚ್ಚಿಕೊಳ್ಳುತ್ತಿತ್ತು. ಎಂಜಿನ್ ಸೀಜ್ ಆಗಿ ಗಾಡಿ ತಳ್ಳಿಕೊಂಡು ಬಂದವರ ಕಥೆ ಅಪ್ಪನ ಹತ್ತಿರ ಬೇಕಾದಷ್ಟಿವೆ. ಈಗಿನದು ಫೋರ್ ಸ್ಟ್ರೋಕ್. ಆಯಿಲ್ ಬೇರೆಯಾಗಿ ಕೆಳಗೆ ಇರುತ್ತದೆ. ಗಾಡಿ ಜೊತೆ ಕೊಟ್ಟ ಪುಸ್ತಕ 40ರ ಮಾತೇ ಎತ್ತುವುದಿಲ್ಲ. ಮೊದಲ 500 ಕಿ.ಮೀ. ಫುಲ್ ರೇಸ್ ಕೊಡಬೇಡಿ, ತುಂಬಾ ಹೊತ್ತು ಒಂದೇ ಸ್ಪೀಡಿನಲ್ಲಿ ಹೋಗಬೇಡಿ ಅನ್ನುತ್ತದೆ, ಅಷ್ಟೆ.

ಮೀಟರ್ 58

ತುಮಕೂರಿನ ಟೌನ್‌ಹಾಲ್ ಸರ್ಕಲ್ ಹತ್ತಿರ ತುಂತುರು ಮಳೆ. ಬ್ರೇಕ್ ಹಿಡಿದೆ, ಹಿಂದಿನ ಚಕ್ರ ಒಂದಡಿ ಜಾರಿತು. ಬೀಳಲಿಲ್ಲ, ಎದೆ ಮಾತ್ರ ಧಸಕ್ ಅಂತು. ಹೊಸ ಟೈರಿನ ಮೇಲ್ಮೈ ನುಣುಪು, ಒಂದು ನೂರು ಕಿ.ಮೀ. ಸವೆದ ಮೇಲೇ ಹಿಡಿತ ಬರುವುದು. ಬ್ರೇಕ್ ಕೂಡ ಹಾಗೇ. ಎಲ್ಲರೂ ಎಂಜಿನ್ ಒಂದನ್ನೇ ನೋಡುತ್ತಾರೆ, ಇವೆರಡನ್ನು ಮರೆಯುತ್ತಾರೆ. ನಾನೂ ಮರೆತಿದ್ದೆ.

ಮಾರನೇ ದಿನ ಗಾಳಿ ನೋಡಿಸಿದರೆ ಎರಡೂ ಚಕ್ರದಲ್ಲಿ 40! ಪುಸ್ತಕದಲ್ಲಿರುವುದು ಮುಂದೆ 22, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36. ಕೊಡುವ ಮುಂಚೆ ಯಾರೂ ನೋಡಿರಲಿಲ್ಲ ಅಂತ ಕಾಣುತ್ತದೆ. ಜಾರದೆ ಇನ್ನೇನಾಗುತ್ತೆ?

ಮೀಟರ್ 140

ನನ್ನ ಕೆಲಸ ಗುಬ್ಬಿಯಲ್ಲಿ. ಬಟವಾಡಿಯಿಂದ ಹೋಗಿ ಬರುವಷ್ಟರಲ್ಲಿ ಹತ್ತಿರ ಹತ್ತಿರ 45 ಕಿ.ಮೀ. ಈ ದಾರಿಯಲ್ಲಿ ಒಂದು ತಮಾಷೆ ಇದೆ. ಬಿ.ಎಚ್. ರಸ್ತೆಯ ಸಿಗ್ನಲ್ಲು, ಹಂಪು, ಅಡ್ಡ ಬರುವ ಆಟೋಗಳಿಗೆ ದಿನಾ ಬೈಯುತ್ತಿದ್ದವನು ನಾನು. ಹೊಸ ಎಂಜಿನ್ನಿಗೆ ಬೇಕಾಗಿರುವುದು ಅದೇ! ಸ್ವಲ್ಪ ರೇಸ್, ಆಮೇಲೆ ಬಿಡು, ಮತ್ತೆ ರೇಸ್. ಕಷ್ಟ ಇರುವುದು ಹೆಗ್ಗೆರೆ ದಾಟಿದ ಮೇಲೆ. ರಸ್ತೆ ನೇರ, ಕೈ 40ಕ್ಕೆ ಗಂಟು ಹಾಕಿದಂತೆ ನಿಂತುಬಿಡುತ್ತದೆ. ಅಲ್ಲಿ ಬೇಕೆಂದೇ 30ಕ್ಕೆ ಇಳಿಸಿ 45ಕ್ಕೆ ಏರಿಸುತ್ತೇನೆ. ಹಿಂದೆ ಬರುವವರು ಕುಡಿದಿದ್ದಾನೆ ಅಂದುಕೊಂಡಿರಬೇಕು.

ಹೀಗೆ ಯಾಕೆ ಅಂದರೆ, ಬೋರಿನ ಒಳಗೋಡೆ ಕನ್ನಡಿ ಥರ ಇರುವುದಿಲ್ಲ. ಫ್ಯಾಕ್ಟರಿಯಲ್ಲಿ ಬೇಕೆಂದೇ ಓರೆಓರೆಯಾಗಿ, ಒಂದನ್ನೊಂದು ದಾಟುವ ಹಾಗೆ ಗೀರು ಹಾಕಿರುತ್ತಾರೆ. ಗೀರಿನಲ್ಲಿ ಆಯಿಲ್ ನಿಲ್ಲುತ್ತದೆ. ಗೀರುಗಳ ಚೂಪು ಏಣನ್ನು ಪಿಸ್ಟನ್ ಸುತ್ತ ಇರುವ ರಿಂಗ್ ಉಜ್ಜಿ ಉಜ್ಜಿ ಸವೆಸಿ ತನಗೆ ಬೇಕಾದ ಜಾಗ ಮಾಡಿಕೊಳ್ಳುತ್ತದೆ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಮುಖ್ಯವಾಗಿ ಮೇಲೆ ಉರಿಯುವ ಗ್ಯಾಸಿನ ಒತ್ತಡ. ಹಾಗಾಗಿ ತೀರಾ ಮೆತ್ತಗೆ ಓಡಿಸಿದರೂ ರಿಂಗ್ ಸರಿಯಾಗಿ ಕೂರುವುದಿಲ್ಲ. ಅಜ್ಜಿ ಹೊಸ ಒಳಕಲ್ಲು ತಂದಾಗ ಮೊದಲು ತೌಡು ಹಾಕಿ ರುಬ್ಬಿ ಚೆಲ್ಲುತ್ತಿದ್ದರು. ಮೊದಲ ದಿನವೇ ಅದರಲ್ಲಿ ಇಡ್ಲಿಗೆ ರುಬ್ಬಿದರೆ ಬಾಯಲ್ಲಿ ಕಲ್ಲು. ರುಬ್ಬದೇ ಇಟ್ಟರೆ ಕಲ್ಲು ಹದಕ್ಕೆ ಬರುವುದೂ ಇಲ್ಲ.

ಮೀಟರ್ 212

ಭಾನುವಾರ. ಹೆಂಡತಿಗೆ ದೇವರಾಯನದುರ್ಗಕ್ಕೆ ಹೋಗಬೇಕಿತ್ತು. ನಾಮದ ಚಿಲುಮೆವರೆಗೆ ಹೋಗಿ, ನೀರು ನೋಡಿ, ಜಿಂಕೆ ನೋಡಿ, ವಾಪಸ್ ತಿರುಗಿಸಿದೆ. "ಬೆಟ್ಟದ ಬುಡಕ್ಕೆ ಬಂದು ದೇವರಿಗೆ ಟಾಟಾ ಮಾಡಿ ಹೋಗೋರು ನೀವೊಬ್ಬರೇ" ಅಂದಳು.

ಆದರೆ ಗೇರಿಲ್ಲದ ಗಾಡಿಯ ಸಮಸ್ಯೆ ಇಲ್ಲೇ ಇರುವುದು. ಎಂಜಿನ್ ಎಷ್ಟು ಸುತ್ತಬೇಕು ಅನ್ನುವುದನ್ನು ಬೆಲ್ಟೂ ವೇರಿಯೇಟರೂ (ತಾನೇ ಗೇರ್ ಬದಲಿಸುವ ರಾಟೆ) ಸೇರಿ ತೀರ್ಮಾನ ಮಾಡುತ್ತವೆ. ಡಬಲ್ಸ್‌ನಲ್ಲಿ ಏರು ಹತ್ತುವಾಗ ಮೀಟರಿನ ಮುಳ್ಳು 25ರಲ್ಲೇ ಇರಬಹುದು, ಎಂಜಿನ್ ಮಾತ್ರ ಸಮತಟ್ಟಿನ 50ಕ್ಕಿಂತ ಜಾಸ್ತಿ ಒದ್ದಾಡುತ್ತಿರುತ್ತದೆ. ಅಪ್ಪನ ಚೇತಕ್‌ಗೆ ಕೈಯಲ್ಲೇ ಗೇರಿತ್ತು, ಒಂದು ಗೇರ್ ಇಳಿಸಿದರೆ ಆಗುತ್ತಿತ್ತು. ನನಗೆ ಮುಳ್ಳು ನೋಡಿ ಪ್ರಯೋಜನವಿಲ್ಲ. ಸದ್ದು ಕೇಳಬೇಕು, ರೇಸ್ ಎಷ್ಟು ತಿರುಚಿದ್ದೇನೆ ಅನ್ನುವುದು ಮಣಿಕಟ್ಟಿಗೆ ಗೊತ್ತಿರಬೇಕು. ಅರ್ಧಕ್ಕಿಂತ ಜಾಸ್ತಿ ಬೇಡ ಅಂತ ಇಟ್ಟುಕೊಂಡಿದ್ದೇನೆ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿದ ಮೇಲೆ ಹೆಂಡತಿಯ ಸಿಟ್ಟು ಸ್ವಲ್ಪ ಇಳಿಯಿತು.

ಮೀಟರ್ 530

ಈಗ ಆಗಾಗ 55 ಮುಟ್ಟಿಸಿ ಬಿಡುತ್ತಿದ್ದೇನೆ. ಸದ್ದು ಮೊದಲಿಗಿಂತ ಮೆತ್ತಗಾಗಿದೆ, ಅಥವಾ ನನ್ನ ಕಿವಿಗೆ ಅಭ್ಯಾಸವಾಗಿದೆ. ಮೈಲೇಜ್ ಮಾತ್ರ ಕಿವಿಯ ಮಾತಲ್ಲ. ಅದೇ ಬಂಕ್, ಆಟೋ ಕಟ್ ಆಗುವವರೆಗೆ ಫುಲ್ ಟ್ಯಾಂಕ್. ಮೊದಲ ಟ್ಯಾಂಕಿಗೆ ಲೀಟರಿಗೆ 41 ಬಂದಿತ್ತು, ಈ ಸಲ 46.

ಮೀಟರ್ 768

ಮೊದಲ ಫ್ರೀ ಸರ್ವಿಸ್. ಫ್ರೀ ಅಂದರೆ ಕೂಲಿ ಮಾತ್ರ, ಆಯಿಲಿಗೆ ದುಡ್ಡು ನಮ್ಮದೇ. ಕೌಂಟರಿನ ಹುಡುಗ ಕಡ್ಡಿ ತೆಗೆದು ನೋಡಿ, "ಆಯಿಲ್ ಇನ್ನೂ ಚೆನ್ನಾಗೈತೆ ಸಾರ್, ಮುಂದಿನ ಸರ್ವಿಸ್‌ಗೆ ಹಾಕಿಸಿ" ಅಂದ. ನಾನು ಒಪ್ಪಲಿಲ್ಲ. ಇಷ್ಟು ದಿನ ಉಜ್ಜಿದ ಪುಡಿಯೆಲ್ಲ ಹೋಗಿ ಸೇರಿರುವುದು ಎಲ್ಲಿಗೆ? ತೌಡು ರುಬ್ಬಿದ ಮೇಲೆ ಅದನ್ನು ಚೆಲ್ಲಬೇಕು ತಾನೇ? ಬೇಕಾದರೆ ಇನ್ನೊಂದು ಸರ್ವಿಸ್ ತಪ್ಪಿಸಿಯೇನು, ಈ ಆಯಿಲ್ ಬದಲಾಯಿಸುವುದನ್ನು ತಪ್ಪಿಸುವುದಿಲ್ಲ.

ಜೊತೆಗೆ ಬಂದಿದ್ದ ಅಪ್ಪ, ಟ್ರೇಗೆ ಇಳಿದ ಆಯಿಲಿನಲ್ಲಿ ಬೆರಳು ಅದ್ದಿ ಬಿಸಿಲಿಗೆ ಹಿಡಿದರು. ಬೆರಳ ತುದಿಯಲ್ಲಿ ಅಭ್ರಕದ ಥರ ಮಿಣಮಿಣ. ಒಳಗಿನ ಜಾಲರಿಯಲ್ಲೂ ಕೂದಲಿನಂಥ ಒಂದೆರಡು ಎಳೆ ಸಿಕ್ಕಿದವು. ಹುಡುಗನಿಗೂ ಕರೆದು ತೋರಿಸಿದರು. ಅವನು "ಹೊಸ ಗಾಡಿ ಅಲ್ವಾ ಸಾರ್, ಬರುತ್ತೆ" ಅಂದ. ಅದನ್ನೇ ನಾವೂ ಹೇಳುತ್ತಿದ್ದದ್ದು!

ಹಿಂದಿನ ಚಕ್ರದ ಗೇರ್ ಆಯಿಲ್ ಬೇರೆಯೇ ಇರುತ್ತದೆ. ಅದನ್ನೂ ಕೇಳಿ ಬದಲಾಯಿಸಿಕೊಂಡೆ.

ಮೀಟರ್ 912

ಬೆಳಗ್ಗೆ ಅಪ್ಪ ಕೀ ಕೇಳಿದರು. ಹಾಲು ತರೋಕೆ ಅಂದರು. ಹಾಲಿನ ಬೂತ್ ಇರುವುದು ಎರಡನೇ ತಿರುವಿನಲ್ಲಿ, ಅಪ್ಪ ಬಂದಿದ್ದು ಮುಕ್ಕಾಲು ಗಂಟೆ ಬಿಟ್ಟು. ಮೀಟರ್ ನೋಡಿದೆ. ನಿನ್ನೆ ರಾತ್ರಿ ನಿಲ್ಲಿಸಿದಾಗ 889 ಇತ್ತು.

ಹಾಲಿನ ಪ್ಯಾಕೆಟ್ ಅಮ್ಮನ ಕೈಗೆ ಕೊಟ್ಟು, ನನ್ನ ಮುಖ ನೋಡದೆ ಹೇಳಿದರು: "ಅರವತ್ತೈದಕ್ಕೆ ಹ್ಯಾಂಡಲ್ ಸ್ವಲ್ಪ ನಡುಗ್ತದೆ. ನೋಡಿಸು."

ಗಾಳಿ ನೋಡಿಸಿದೆ. ಸರ್ವಿಸ್‌ನಲ್ಲಿ ಮತ್ತೆ ಎರಡಕ್ಕೂ 40 ತುಂಬಿದ್ದಾರೆ.