ಬೆಳಿಗ್ಗೆ ಶಾಲ್ಮಲೆ, ಸಂಜೆ ಟಾಕೀಸು

ಅಕ್ಕನ ಮಗನಿಗೆ ಹದಿಮೂರು ವರ್ಷ. ರಜೆಗೆ ಶಿರಸಿಗೆ ಬಂದವನಿಗೆ ಬೇಕಿದ್ದದ್ದು ಪೇಟೆಯ ಟಾಕೀಸಿನಲ್ಲಿ ಓಡುತ್ತಿದ್ದ ಸೂಪರ್‌ಹೀರೋ ಸಿನಿಮಾ. ನನಗೋ ಅವನನ್ನು ಸೈಕಲ್ಲಿನಲ್ಲಿ ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಶಿವಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗಕ್ಕೆ ಕರೆದೊಯ್ಯುವ ಹಂಬಲ. ಡಿಸೆಂಬರಿನ ಒಂದು ಭಾನುವಾರ ಎರಡನ್ನೂ ಮುಗಿಸಿದೆವು. ಮಕ್ಕಳಿರುವವರು ಖಂಡಿತ ಮಾಡಬೇಕಾದ ದಿನಚರಿ ಇದು. ಆದರೆ ಸೈಕಲ್ ಮೊದಲು, ಸಿನಿಮಾ ಆಮೇಲೆ. ನಡುವೆ ಮೂರು ತಾಸಾದರೂ ಬಿಡುವಿರಲಿ.

ಬೆಳಿಗ್ಗೆ ಆರೂವರೆಗೆ ಹೊರಟೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹುಡುಗನ ಹುಬ್ಬಿನ ಮೇಲೆಲ್ಲ ಹನಿ. ಸೈಕಲ್ಲಿಗೆ ಹಿಂದೆ ಮುಂದೆ ದೀಪ ಇರಲೇಬೇಕು, ಏಕೆಂದರೆ ಯಲ್ಲಾಪುರ ರಸ್ತೆಯಲ್ಲಿ ಬಸ್ಸು, ಲಾರಿಗಳ ಓಡಾಟ ಬೆಳಗಿನಿಂದಲೇ ಶುರುವಾಗುತ್ತದೆ. ಹುಳಗೋಳದ ಹತ್ತಿರ ಒಳರಸ್ತೆಗೆ ತಿರುಗಿದ ಮೇಲೆ ಅಡಿಕೆ ತೋಟ, ಬೆಟ್ಟ, ಹಕ್ಕಿಗಳ ಕೂಗು ಬಿಟ್ಟರೆ ಬೇರೇನೂ ಇಲ್ಲ. ಹೋಗುವ ದಾರಿಯೊಂದೇ ಹದಿನೈದು ಕಿಲೋಮೀಟರಿನ ಆಸುಪಾಸು. ಹೋಗುವಾಗ ಕೊನೆಯಲ್ಲಿ ಇಳಿಜಾರು ಸಿಕ್ಕಿ ಖುಷಿಯಾಗುತ್ತದೆ. ಬರುವಾಗ ಅದೇ ಇಳಿಜಾರು ಏರಾಗುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಿ.

ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ, ಅಂದರೆ 1678ರಿಂದ 1718ರ ನಡುವೆ, ಹೊಳೆಯೊಳಗಿನ ಬಂಡೆಗಳ ಮೇಲೆಯೇ ಈ ಲಿಂಗಗಳನ್ನು ಕೆತ್ತಿಸಲಾಯಿತು. ನಾವು ಹೋದಾಗ ನೀರು ಮೊಣಕಾಲ ಕೆಳಗಿತ್ತು. ಒಂದು ಲಿಂಗದ ಸುತ್ತ ಹಸಿರು ಪಾಚಿ, ಅದರ ಎದುರಿನ ಪುಟ್ಟ ಬಸವನ ಮೂತಿ ನೀರಿನ ಉಜ್ಜಾಟಕ್ಕೆ ಸವೆದು ನುಣ್ಣಗಾಗಿತ್ತು. ಹುಡುಗ ಅದರ ಬೆನ್ನಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದ. ಮಳೆಗಾಲದಲ್ಲಿ ಇವೆಲ್ಲ ಮುಳುಗಿರುತ್ತವೆ, ಜೊತೆಗೆ ರಕ್ತ ಹೀರುವ ಉಂಬಳದ ಕಾಟ. ನವೆಂಬರಿನಿಂದ ಮಾರ್ಚ್ ಒಳ್ಳೆಯ ಸಮಯ. ಶಿವರಾತ್ರಿಯಂದು ಜನಜಾತ್ರೆ, ಆ ದಿನ ಸೈಕಲ್ ಬೇಡ. ಒದ್ದೆ ಬಂಡೆಯ ಮೇಲೆ ಚಪ್ಪಲಿ ಜಾರುತ್ತದೆ, ಬರಿಗಾಲೇ ವಾಸಿ.

ಮನೆಯಿಂದ ಒಯ್ದದ್ದು ಬೆಲ್ಲ, ಉಪ್ಪು ಹಾಕಿದ ಲಿಂಬೆ ಪಾನಕ, ಬಾಳೆಹಣ್ಣು, ಅವಲಕ್ಕಿ. ಪಾನಕ ಎರಡು ಲೀಟರ್ ಸಾಲಲಿಲ್ಲ. ಮೂರು ಲೀಟರ್ ಒಯ್ಯಿರಿ. ಗಾಳಿ ಹೊಡೆಯುವ ಪಂಪನ್ನು ಮರೆಯಬೇಡಿ, ದಾರಿಯಲ್ಲಿ ಪಂಕ್ಚರ್ ಅಂಗಡಿ ಸಿಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಏರಿನಲ್ಲಿ ಹುಡುಗ ಎರಡು ಕಡೆ ಇಳಿದು ಸೈಕಲ್ ತಳ್ಳಿದ. “ಮಾವ, ಇನ್ನೆಷ್ಟು ದೂರ?” ಎಂದು ಕೇಳಿದಾಗಲೆಲ್ಲ ನಿಂತು ಎರಡು ಗುಟುಕು ಕುಡಿಸಿದೆ. ಅವಸರಪಡಿಸದಿದ್ದರೆ ಮಕ್ಕಳು ತಾವಾಗಿಯೇ ಹತ್ತುತ್ತಾರೆ.

ಮನೆ ಸೇರಿದಾಗ ಹನ್ನೊಂದೂವರೆ. ಸ್ನಾನ, ಅನ್ನ, ತಂಬುಳಿ, ಅಪ್ಪೆಹುಳಿ, ಆಮೇಲೆ ಒಂದೂವರೆ ತಾಸು ಗಡದ್ದಾದ ನಿದ್ದೆ. ಈ ನಿದ್ದೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಹಿಂದೊಮ್ಮೆ ಬೆಟ್ಟ ಹತ್ತಿ ಬಂದವನು ಸೀದಾ ಟಾಕೀಸಿಗೆ ಹೋಗಿ ಅರ್ಧ ಸಿನಿಮಾ ನಿದ್ದೆಯಲ್ಲೇ ಕಳೆದಿದ್ದೆ.

ಆಟದ ಸಮಯವನ್ನು ಹಿಂದಿನ ದಿನವೇ ವಿಚಾರಿಸಿ. ನಮ್ಮಂಥ ಊರುಗಳಲ್ಲಿ ಶುಕ್ರವಾರಕ್ಕೆ ಸಿನಿಮಾ ಬದಲಾಗಿಬಿಡುತ್ತದೆ, ಜನ ತೀರಾ ಕಡಿಮೆಯಿದ್ದರೆ ಆಟ ರದ್ದಾಗುವುದೂ ಉಂಟು. ಕನ್ನಡಕ್ಕೆ ಡಬ್ ಆದ ಪ್ರತಿಯಿದ್ದರೆ ಅದನ್ನೇ ನೋಡಿ. ಮಕ್ಕಳು ಅಕ್ಷರ ಓದುವ ಗೋಜಿಲ್ಲದೆ ಕಥೆಯೊಳಗೆ ಇಳಿಯುತ್ತಾರೆ. ಸಾಲಿನ ತುದಿಯ ಕುರ್ಚಿ ಹಿಡಿಯಿರಿ. ಮೂವತ್ತು ಕಿಲೋಮೀಟರ್ ತುಳಿದ ಕಾಲು ಎರಡು ತಾಸು ಮಡಿಸಿಕೊಂಡೇ ಇದ್ದರೆ ಸೆಟೆದುಕೊಳ್ಳುತ್ತದೆ, ಅಲ್ಲಿ ಚಾಚಲು ಜಾಗ ಸಿಗುತ್ತದೆ. ಮಧ್ಯಂತರದಲ್ಲಿ ಹೊರಗೆ ಬಂದು ನಾಲ್ಕು ಹೆಜ್ಜೆ ಓಡಾಡಿ.

ನಾಯಕ ಬಿದ್ದು, ಗೋಡೆಗೆ ಕೈಯೂರಿ ಮತ್ತೆ ಏಳುವ ದೃಶ್ಯದಲ್ಲಿ ಇಡೀ ಟಾಕೀಸು ಸಿಳ್ಳೆ ಹೊಡೆಯಿತು. ನಮ್ಮ ಹುಡುಗ ತನ್ನ ಮೀನಖಂಡ ಒತ್ತಿಕೊಳ್ಳುತ್ತಾ ನನ್ನ ಕಿವಿಯಲ್ಲಿ, “ಅವನಿಗೂ ನೋಯುತ್ತಿರಬಹುದು, ಅಲ್ವಾ ಮಾವ?” ಎಂದ. ನಾನು ಅವನ ಹೆಗಲು ಬಳಸಿ ಹಿಡಿದುಕೊಂಡೆ.

ರಾತ್ರಿ ಹಂಡೆಯಲ್ಲಿ ನೀರು ಕಾಯಿಸಿಡಲು ಮನೆಯವರಿಗೆ ಹೇಳಿ ಹೋಗಿ. ಮಲಗುವ ಮೊದಲು ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದುಕೊಂಡರೆ ಮರುದಿನ ಮೆಟ್ಟಿಲು ಇಳಿಯುವುದು ಸಲೀಸು.