ಅಂಥ ಮಕ್ಕಳಿಗೆ ಬೇರೆ ಶಾಲೆ ಇದೆಯಲ್ಲ?

ಬಿ.ಎಡ್. ಸೇರಿದ ಮೇಲೆ ಮದುವೆ ಮನೆ, ಮುಂಜಿ ಮನೆಗಳಲ್ಲಿ ನನಗೆ ಬೀಳುವ ಪ್ರಶ್ನೆ ಇದು. ಎಲ್ಲಿ ಇಂಟರ್ನ್‌ಶಿಪ್ಪು ಅಂತ ಶುರುವಾಗುತ್ತದೆ. ಘಟ್ಟದ ಕೆಳಗೆ, ಕುಮಟಾ ಕಡೆ, ಸರ್ಕಾರಿ ಶಾಲೆ ಅನ್ನುತ್ತೇನೆ. ಕ್ಲಾಸಿನಲ್ಲಿ ವಿಶೇಷ ಅಗತ್ಯದ ಮಕ್ಕಳೂ ಇದ್ದಾರೆ ಅಂದರೆ ಮುಗೀತು. "ಅಲ್ಲ ತಂಗಿ, ಅಂಥ ಮಕ್ಕಳಿಗೆ ಅಂತಲೇ ಬೇರೆ ಶಾಲೆ ಇದೆಯಲ್ಲ, ಎಂತಕ್ಕೆ ಇಲ್ಲಿ ತಂದು ಕೂರಿಸ್ತಾರೆ? ಅವಕ್ಕೂ ಕಷ್ಟ, ಉಳಿದವಕ್ಕೂ ಕಷ್ಟ."

ಕೇಳುವವರು ಕೆಟ್ಟವರಲ್ಲ. ಜಾಸ್ತಿ ಜನ ಕನಿಕರದಿಂದಲೇ ಕೇಳುತ್ತಾರೆ. ಆದರೆ ಪಂಕ್ತಿಯಲ್ಲಿ ಹೋಳಿಗೆ ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಮುಂದಿನ ಸಲ ಲಿಂಕ್ ಕಳಿಸಿದರಾಯಿತು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. 1995ರ ಹಳೇ ಕಾಯ್ದೆಯಲ್ಲಿ ಏಳೇ ಇದ್ದವು. ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಸಿಗಬೇಕು. ಹತ್ತಿರದ ಶಾಲೆಯಲ್ಲಾದರೂ ಸರಿ, ವಿಶೇಷ ಶಾಲೆಯಲ್ಲಾದರೂ ಸರಿ. ಯಾವುದು ಅಂತ ಆರಿಸುವ ಹಕ್ಕು ಮಗುವಿನ ಕಡೆಯವರದ್ದು, ನಮ್ಮದಲ್ಲ. ಹಾಗಾಗಿ "ಇಲ್ಲಿ ಎಂತಕ್ಕೆ" ಅನ್ನುವುದಕ್ಕೆ ಕಾನೂನಿನ ಉತ್ತರ ಸಲೀಸು: ಅವರಿಗೆ ಇಲ್ಲಿಗೇ ಬರಬೇಕು ಅನ್ನಿಸಿತು, ಬಂದರು.

ಆದರೆ ಈ ಪ್ರಶ್ನೆಯ ಒಳಗೆ ಇನ್ನೊಂದು ನಂಬಿಕೆ ಕೂತಿದೆ. ಅಡ್ಡಿ ಇರುವುದೆಲ್ಲ ಮಗುವಿನ ಮೈಯಲ್ಲಿ ಅಂತ. ನಾನು ಕಂಡದ್ದು ಹಾಗಿಲ್ಲ.

ಐದನೇ ತರಗತಿಯ ಒಬ್ಬ ಹುಡುಗ. ಗೋಡೆ ಪಕ್ಕದ ಜಾಗ ಅವನದು. ಬಲಗಿವಿಯಲ್ಲಿ ಯಾವಾಗಲೂ ಒಂದು ಚೂರು ಹತ್ತಿ. ಮಳೆಗಾಲ ಬಂದರೆ ಕಿವಿ ಸೋರುತ್ತದೆ, ಪಕ್ಕದವನು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಾನೆ. "ದಡ್ಡ ಅಲ್ಲ ಅಕ್ಕೋರೇ, ಲಕ್ಷ್ಯ ಇಲ್ಲ ಅಷ್ಟೇ" ಅಂತ ಎಲ್ಲರೂ ಹೇಳಿದ್ದರು. ಅವನ ಉಕ್ತಲೇಖನದ ಪುಸ್ತಕ ನೋಡಿದರೆ ಬೇರೆಯೇ ಕತೆ ಇತ್ತು. ನಾನು ಕ್ಲಾಸಿನ ಎದುರು ನಿಂತು ಹೇಳಿದ ಸಾಲುಗಳೆಲ್ಲ ಸರಿ. ಹೇಳುತ್ತಾ ಹಿಂದಕ್ಕೆ ನಡೆದುಹೋದ ನಂತರದ ಸಾಲುಗಳಲ್ಲಿ ನಡುನಡುವೆ ಖಾಲಿ. ಸುಮ್ನೆ ಬಿಟ್ಟ ಖಾಲಿ ಅಲ್ಲ, ಒಂದು ಪದ ಕೂರುವಷ್ಟು ಅಳತೆ ಮಾಡಿ ಬಿಟ್ಟದ್ದು. ಅಲ್ಲೊಂದು ಪದ ಇತ್ತು ಅಂತ ಅವನಿಗೆ ಗೊತ್ತು, ಯಾವ ಪದ ಅಂತ ಕೇಳಿಸಿಲ್ಲ. ಲಕ್ಷ್ಯ ಇಲ್ಲದ ಹುಡುಗ ಇಷ್ಟು ಚಂದ ಜಾಗ ಬಿಡುತ್ತಾನಾ?

ಕಿವಿ ಸೋರುವುದು ನಮ್ಮ ಕಡೆ ಕಾಯಿಲೆ ಅಂತಲೇ ಲೆಕ್ಕವಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟರೆ ಹೋಗುತ್ತದೆ ಅನ್ನುತ್ತಾರೆ. ಹೋಗುವುದಿಲ್ಲ. ಶೀತ, ಗಂಟಲು ನೋವು ಕಿವಿಯ ಒಳಭಾಗಕ್ಕೆ ಏರುತ್ತದೆ, ಕೀವಾಗುತ್ತದೆ, ತಮಟೆ ತೂತಾಗುತ್ತದೆ. ಆಗಲೇ ಡಾಕ್ಟರಿಗೆ ತೋರಿಸಿದರೆ ಔಷಧಿಯಲ್ಲಿ, ತೂತು ಮುಚ್ಚದಿದ್ದರೆ ಒಂದು ಆಪರೇಷನ್ನಿನಲ್ಲಿ ಸರಿಯಾಗುವ ವಿಷಯ. ವರ್ಷಗಟ್ಟಲೆ ಬಿಟ್ಟರೆ ಕೇಳುವ ಶಕ್ತಿ ಕುಗ್ಗುತ್ತದೆ.

ಶಾಲೆಗೆ ಆರೋಗ್ಯ ತಪಾಸಣೆಯ ತಂಡ ಬರುವುದಿಲ್ಲವಾ? ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾದದ್ದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಒಳ್ಳೆಯ ಕಾರ್ಯಕ್ರಮವೇ. ಆದರೆ ಆ ದಿನ ಮಗು ಶಾಲೆಗೆ ಬಂದಿರಬೇಕು. ಕಿವಿ ಸೋರುವ ಹುಡುಗ ಜ್ವರ ಅಂತ ಮನೆಯಲ್ಲಿದ್ದರೆ ಮುಂದಿನ ವರ್ಷವೇ. ಕಾಯಿಲೆ ಜಾಸ್ತಿ ಇರುವ ಮಗುವೇ ತಪಾಸಣೆಯ ದಿನ ತಪ್ಪಿಸಿಕೊಳ್ಳುವ ಸಾಧ್ಯತೆ ಜಾಸ್ತಿ!

ಇನ್ನೂ ಒಂದು ಗಂಟು ಇದೆ. ಕಾಯ್ದೆಯ ಪ್ರಕಾರ ಶ್ರವಣದೋಷ ಅಂತ ಆಗಬೇಕಾದರೆ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬಲ್‌ನಷ್ಟು ಶಕ್ತಿ ಕುಗ್ಗಿರಬೇಕು. ಈ ಹುಡುಗನ ಒಂದು ಕಿವಿ ಚೆನ್ನಾಗಿದೆ. ಅಂದರೆ ಅವನು ಯಾವ ಪಟ್ಟಿಯಲ್ಲೂ ಇಲ್ಲ. ಸರ್ಟಿಫಿಕೇಟ್ ಇಲ್ಲ, ಕಾರ್ಡ್ ಇಲ್ಲ, ನೀವು ಹೇಳುವ "ಬೇರೆ ಶಾಲೆ"ಗೂ ಸೇರುವುದಿಲ್ಲ. ಅವನಿಗೆ ಬೇಕಾದದ್ದು ಒಬ್ಬ ಕಿವಿ ಡಾಕ್ಟರು, ಮತ್ತೆ ಚೆನ್ನಾಗಿರುವ ಎಡಗಿವಿ ನನ್ನ ಕಡೆ ತಿರುಗುವ ಹಾಗೆ ಮುಂದಿನ ಸಾಲಿನಲ್ಲಿ ಒಂದು ಜಾಗ. ಎರಡನೆಯದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ.

ಮೊದಲನೆಯದು ಅಷ್ಟು ಸುಲಭ ಅಲ್ಲ. ಇಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಬೇಕು. ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು, ಬಹುಪಾಲು ಕಾಡು. ಕರಾವಳಿಯ ಒಂದು ತುದಿಯಲ್ಲಿ ಕಾರವಾರ. ಜಿಲ್ಲಾಸ್ಪತ್ರೆ ಅಲ್ಲೇ, 2016ರಲ್ಲಿ ಶುರುವಾದ ವೈದ್ಯಕೀಯ ಕಾಲೇಜೂ ಅಲ್ಲೇ. ಶಿರಸಿಯಿಂದ, ಮುಂಡಗೋಡದಿಂದ, ಅತ್ತ ಭಟ್ಕಳದಿಂದ ಲೆಕ್ಕ ಹಾಕಿದರೆ ನೂರು ಕಿಲೋಮೀಟರಿಗೂ ಮೇಲೆ. ಜೋಯಿಡಾದವರು ಅಣಶಿ ಘಟ್ಟ ಇಳಿದು ಬರಬೇಕು. ದೊಡ್ಡ ಕಾಯಿಲೆಯಾದರೆ ನಾವು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುತ್ತೇವೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ಕು ಜನ ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಮತ್ತೆ ಜೋರಾಯಿತು. ನ್ಯಾಯವಾದ ಕೂಗು. ನನ್ನ ಮೊಬೈಲಿನ ಸ್ಟೇಟಸ್ಸಿನಲ್ಲೂ ಅದೇ ಇತ್ತು. ಆದರೆ ಒಂದು ಮಾತು ಹೇಳಲೇಬೇಕು. ಸೋರುವ ಕಿವಿ, ಮಂಜಾದ ಕಣ್ಣು, ತಡವಾಗಿ ಮಾತು ಬಂದ ಮಗು, ಇದ್ಯಾವುದೂ ಆ ಕೂಗಿನಲ್ಲಿ ಕೇಳುವುದಿಲ್ಲ. ಇವರಿಗಾಗಿ ಯಾರೂ ರಸ್ತೆ ತಡೆಯುವುದಿಲ್ಲ. ಇವರಿಗೆ ಬೇಕಾದದ್ದು ತಾಲೂಕಿನಲ್ಲೇ, ಹೇಳಿದ ದಿನ ಸಿಗುವ ಒಬ್ಬ ಕಿವಿ ಡಾಕ್ಟರು, ಒಬ್ಬ ಕಣ್ಣಿನ ಡಾಕ್ಟರು, ಒಂದು ಥೆರಪಿ ಕೋಣೆ.

ಆ ಹುಡುಗನ ಅಮ್ಮ ಮೀನು ಮಾರುತ್ತಾರೆ. ಬೆಳಿಗ್ಗೆ ಬುಟ್ಟಿ ಹೊರದಿದ್ದರೆ ಆ ದಿನದ ದುಡ್ಡಿಲ್ಲ. 2023ರಿಂದ ಹೆಂಗಸರಿಗೆ ಬಸ್ಸು ಫ್ರೀ ಆಗಿ ಅವರ ಟಿಕೆಟ್ ಉಳಿಯಿತು, ನಿಜ. ಹುಡುಗನ ಅರ್ಧ ಟಿಕೆಟ್, ಹೋಟೆಲಿನ ಊಟ, ತಪ್ಪಿದ ಒಂದು ದಿನದ ವ್ಯಾಪಾರ, ಇವು ಉಳಿದೇ ಇವೆ. ಹೋದ ದಿನ ಡಾಕ್ಟರು ರಜೆ ಅಂದರೆ ಮತ್ತೊಂದು ದಿನ. ಅದೇ ಊರಿನಲ್ಲಿ ಕಾರು ಇರುವವರ ಮಗನ ಕಿವಿ ಸೋರಿದರೆ ಅದೇ ವಾರ ಮಣಿಪಾಲಕ್ಕೆ ಹೋಗಿ ಬರುತ್ತಾರೆ. ಕಾಯಿಲೆ ಇಬ್ಬರಿಗೂ ಒಂದೇ. ಹತ್ತು ವರ್ಷದ ನಂತರ ಒಬ್ಬ ಮಾತ್ರ "ಕಿವಿ ಮಂದ" ಅನ್ನಿಸಿಕೊಳ್ಳುತ್ತಾನೆ. ಇದನ್ನು ವಿಧಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿ ಕೇರಿಗಳು, ಜೋಯಿಡಾದ ಕುಣಬಿ ಮನೆಗಳು, ಗೌಳಿ ದೊಡ್ಡಿಗಳು, ಇಲ್ಲೆಲ್ಲ ಬಸ್ಸು ಸಿಗುವ ಜಾಗಕ್ಕೇ ಮೊದಲು ನಡೆಯಬೇಕು. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಕೊಚ್ಚಿಹೋದರೆ ಗಟ್ಟಿ ಕಾಲಿನ ಮಕ್ಕಳಿಗೂ ಶಾಲೆ ಇಲ್ಲ. ಕಾಲು ಎಳೆದು ನಡೆಯುವ ಮಗುವಿಗೆ ಎಲ್ಲಿಯ ಶಾಲೆ?

ಈಗ ಎಂಟನೇ ತರಗತಿಯ ಹುಡುಗಿಯ ವಿಷಯ. ಕಾಲಿಗೆ ಕ್ಯಾಲಿಪರ್, ಅಂದರೆ ನಡೆಯಲು ಆಸರೆಯಾಗುವ ಪಟ್ಟಿ, ಹಾಕಿಕೊಂಡು ಬರುತ್ತಾಳೆ. ಗಣಿತದಲ್ಲಿ ನನಗಿಂತ ಚುರುಕು, ಇದು ಉಪಚಾರದ ಮಾತಲ್ಲ. ಶಾಲೆಗೆ ರ‍್ಯಾಂಪ್ ಇದೆ, ಕಂಬಿಯೂ ಇದೆ, ಬಣ್ಣ ಹೊಡೆದು ನೀಟಾಗಿದೆ. ರ‍್ಯಾಂಪ್ ಜಗಲಿಯವರೆಗೆ. ಶೌಚಾಲಯ ಹಿಂದುಗಡೆ. ಅಲ್ಲಿಗೆ ಚಿರೇಕಲ್ಲಿನ ಮೂರು ಮೆಟ್ಟಿಲು, ಕಂಬಿ ಇಲ್ಲ. ಜೂನ್ ಮುಗಿಯುವಷ್ಟರಲ್ಲಿ ಪಾಚಿ ಕಟ್ಟಿ ಹಸಿರು. ಅವಳ ನೀರಿನ ಬಾಟಲಿ ಸಂಜೆಯವರೆಗೂ ತುಂಬಿಯೇ ಇರುತ್ತಿತ್ತು. ಯಾಕೆ ಕುಡಿಯಲ್ಲ ಅಂದೆ. "ಕುಡಿದ್ರೆ ಹೋಗ್ಬೇಕಾಗ್ತದಲ್ಲ ಅಕ್ಕೋರೇ" ಅಂದಳು. ಬೆಳಿಗ್ಗೆ ಮನೆ ಬಿಟ್ಟರೆ ಮತ್ತೆ ಮನೆ ಮುಟ್ಟುವವರೆಗೆ ಒಂದು ಗುಟುಕಿಲ್ಲ. ಬಿಸಿಯೂಟದ ಸಾರನ್ನೂ ಕಡಿಮೆ ಹಾಕಿಸಿಕೊಳ್ಳುತ್ತಿದ್ದಳು. ತಲೆನೋವು, ಉರಿಮೂತ್ರ ಅಂತ ಆಗಾಗ ರಜೆ. ಮುಟ್ಟಿನ ದಿನಗಳಲ್ಲಂತೂ ಬರುತ್ತಲೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಇದೆಲ್ಲ "ಅನಾರೋಗ್ಯ" ಅಂತ ಮಾತ್ರ ಬರುತ್ತದೆ. ಮೂರು ಮೆಟ್ಟಿಲು ಅಂತ ಯಾರೂ ಬರೆಯುವುದಿಲ್ಲ.

ಇವಳನ್ನು "ಬೇರೆ ಶಾಲೆ"ಗೆ ಕಳಿಸಿದರೆ ಏನಾಗುತ್ತದೆ? ಮೆಟ್ಟಿಲು ಹಾಗೆಯೇ ಇರುತ್ತದೆ, ಹುಡುಗಿ ಮಾತ್ರ ಇರುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಮುಖ್ಯ ಶಿಕ್ಷಕರು ಈ ವಿಷಯ ತೆಗೆದರು. ಪಾಲಕರಲ್ಲಿ ಒಬ್ಬರು ಗಾರೆ ಕೆಲಸದವರು ಇದ್ದರು. ಸದ್ಯಕ್ಕೆ ಜಿ.ಐ. ಪೈಪಿನ ಕಂಬಿ ಬಂದಿದೆ, ಪಾಚಿ ಕೆರೆಯುವ ಪಾಳಿ ಆಗಿದೆ. ಇಳಿಜಾರಿಗೆ ಅನುದಾನ ಬರಬೇಕು ಅಂತ ಕಾಯುತ್ತಿದ್ದಾರೆ. ಬಂದೀತು.

ಇಷ್ಟು ಓದಿ "ಹಾಗಾದರೆ ವಿಶೇಷ ಶಾಲೆ ಬೇಡವೇ?" ಅಂತ ಕೇಳಬೇಡಿ. ಬೇಕು. ಹುಟ್ಟು ಕಿವುಡ ಮಗುವಿಗೆ ಚಿಕ್ಕಂದಿನಲ್ಲೇ ಸಂಜ್ಞೆ ಭಾಷೆ ಬೇಕು, ಅದನ್ನು ಆಡುವ ಗೆಳೆಯರು ಬೇಕು. ನನಗೆ ಸಂಜ್ಞೆ ಭಾಷೆ ಬರುವುದಿಲ್ಲ, ನಮ್ಮ ಬಿ.ಎಡ್.ನಲ್ಲಿ ಸಮನ್ವಯ ಶಿಕ್ಷಣದ, ಅಂದರೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಕಲಿಸುವುದರ ಬಗ್ಗೆ ಪಾಠ ಇದೆ, ಆದರೆ ಅಷ್ಟರಿಂದ ಯಾರಿಗೂ ಭಾಷೆ ಬರುವುದಿಲ್ಲ. ಬಹಳ ಆರೈಕೆ ಬೇಕಾದ ಕೆಲವು ಮಕ್ಕಳಿಗೂ ಅಂಥ ಶಾಲೆಯೇ ನೆಮ್ಮದಿ. ಆದರೆ ಅವು ಇರುವುದು ಪೇಟೆಗಳಲ್ಲಿ. ಹಳ್ಳಿಯ ಮಗುವಿಗೆ ವಿಶೇಷ ಶಾಲೆ ಅಂದರೆ ಆರೇಳು ವರ್ಷಕ್ಕೇ ಹಾಸ್ಟೆಲ್ಲು. ಎಲ್ಲರ ಮಕ್ಕಳೂ ಸಂಜೆ ಮನೆಗೆ ಬಂದು ಅವಲಕ್ಕಿ ತಿನ್ನುವಾಗ ಈ ಮಗು ಮಾತ್ರ ಯಾಕೆ ಊರು ಬಿಡಬೇಕು, ಅಲ್ವಾ?

ಉಳಿದ ಮಕ್ಕಳ ಪಾಠ ಹಾಳಾಗುತ್ತದೆ ಅನ್ನುವವರಿಗೆ: ನಾನು ಬೋರ್ಡಿನ ಕಡೆ ಮುಖ ಮಾಡಿ ಮಾತಾಡುವುದನ್ನು ಆ ಹುಡುಗನಿಗಾಗಿ ಬಿಟ್ಟೆ. ಹಿಂದಿನ ಬೆಂಚಿನ ಗಲಾಟೆ ಕಡಿಮೆಯಾಯಿತು. ಅವರಿಗೂ ಮೊದಲು ಸರಿಯಾಗಿ ಕೇಳುತ್ತಿರಲಿಲ್ಲವಂತೆ.

ಸಾರ್ವಜನಿಕ ಆರೋಗ್ಯದ ಉಸಾಬರಿ ಮೇಷ್ಟ್ರಿಗೆ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನಾನಾಗ ಹೈಸ್ಕೂಲು. ವಾಟ್ಸಾಪಿನಲ್ಲಿ ಏನೇನೋ ಗಾಳಿಸುದ್ದಿ ಹರಿದಾಡುತ್ತಿತ್ತು. ನಮ್ಮ ಅಕ್ಕೋರು ಮನೆಮನೆಗೆ ಹೋಗಿ ಒಪ್ಪಿಸಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ತಗಲಿದರೆ ಮಗು ಕಿವುಡಾಗಿ, ಕಣ್ಣಿನ ಪೊರೆ ಇಟ್ಟುಕೊಂಡು, ಹೃದಯದ ತೊಂದರೆಯೊಂದಿಗೆ ಹುಟ್ಟಬಹುದು ಅಂತ ನನಗೆ ತಿಳಿದದ್ದು ಈಗ. ಪೋಲಿಯೋ ಕತೆ ಎಲ್ಲರಿಗೂ ಗೊತ್ತು. ನೈಸರ್ಗಿಕ ಪೋಲಿಯೋ ವೈರಸ್ಸಿನಿಂದಾದ ದೇಶದ ಕೊನೆಯ ಪ್ರಕರಣ 2011ರ ಜನವರಿಯದು. ಊರಲ್ಲಿ ಪೋಲಿಯೋ ಕಾಲಿನ ಐವತ್ತು ದಾಟಿದವರು ಸಿಗುತ್ತಾರೆ, ಶಾಲೆಯಲ್ಲಿ ಆ ಥರದ ಮಗು ಸಿಗುವುದಿಲ್ಲ.

ಆದರೆ ಆರೋಗ್ಯ ಇಲಾಖೆಯ ಗೋಡೆಬರಹ ನೋಡಿದಾಗ ನನಗೆ ಸ್ವಲ್ಪ ಇರಿಸುಮುರಿಸು. ಅಂಗವೈಕಲ್ಯ ತಡೆಯಿರಿ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಗೋಡೆಯ ಮುಂದೆಯೇ ಆ ಹುಡುಗಿ ದಿನಾ ಕ್ಯಾಲಿಪರ್ ಸದ್ದು ಮಾಡಿಕೊಂಡು ನಡೆಯುತ್ತಾಳೆ. ತಡೆಯಬೇಕಾದ್ದನ್ನು ತಡೆಯಲಿ. ಈಗಾಗಲೇ ಇರುವವಳಿಗೆ ಶೌಚಾಲಯವನ್ನೂ ಕೊಡಲಿ.

ಕೊನೆಗೆ, ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಇಂಥ ಮಗು ಇದ್ದರೆ. ಮೊದಲು ಶಾಲೆಗೆ ಹೆಸರು ಹಚ್ಚಿಸಿ, ಸರ್ಟಿಫಿಕೇಟ್ ಬರಲಿ ಅಂತ ಕಾಯಬೇಡಿ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಅಂಗವಿಕಲರಿಗಾಗಿ ಒಬ್ಬ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿ.ಆರ್.ಡಬ್ಲ್ಯೂ. ಅಂತ ಕೇಳಿ. ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಲು ಅವರು ಸಹಾಯ ಮಾಡುತ್ತಾರೆ. ಬಿ.ಇ.ಓ. ಕಚೇರಿಯಲ್ಲಿ ಬಿ.ಐ.ಇ.ಆರ್.ಟಿ., ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಶಾಲೆಗೆ ಬರಲು ಆಗದ ಮಕ್ಕಳಿಗೆ ಮನೆಯಲ್ಲೇ ಪಾಠದ ವ್ಯವಸ್ಥೆ ನೋಡುವವರು ಅವರೇ. ಒಂದು ತಾಲೂಕಿಗೆ ಬೆರಳೆಣಿಕೆಯಷ್ಟು ಜನ, ಹಾಗಾಗಿ ಬೆನ್ನು ಹತ್ತಬೇಕಾಗುತ್ತದೆ. ಶಾಲೆಯ ಆರೋಗ್ಯ ತಪಾಸಣೆಯ ದಿನ ಯಾವುದು ಅಂತ ಮುಖ್ಯ ಶಿಕ್ಷಕರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ, ಆ ದಿನ ಮಗು ತಪ್ಪಬಾರದು. ದೊಡ್ಡಾಸ್ಪತ್ರೆಗೆ ಹೋಗುವುದಾದರೆ ಬಸ್ಸು ಹತ್ತುವ ಮೊದಲು ಫೋನ್ ಮಾಡಿ, ಡಾಕ್ಟರು ಇದ್ದಾರಾ ಕೇಳಿ. ಆಧಾರ್, ರೇಷನ್ ಕಾರ್ಡ್, ಮಗುವಿನ ಫೋಟೋ, ಎಲ್ಲದರ ಎರಡೆರಡು ಝೆರಾಕ್ಸ್ ಇರಲಿ.