‘ಮನೇಲಿ ಸಣ್ಣ ಮಗು ಇದೆಯಾ?’ ಅಂದರು ಡಾಕ್ಟರು

ಗೋಕುಲಾಷ್ಟಮಿ ಹಿಂದಿನ ದಿನ ಚಕ್ಕುಲಿ ಒತ್ತುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಈ ಸಲ ಒರಳಿನ ಹಿಡಿ ತಿರುಗಿಸುತ್ತಿದ್ದಾಗ ಬಲಗೈ ಹೆಬ್ಬೆರಳಿನ ಬುಡದಲ್ಲಿ ಚಳಕ್ ಅಂತ ಹೊಡೆಯಿತು. ಹಿಟ್ಟು ಗಟ್ಟಿ ಅಂತ ನಾನು, ಒತ್ತೋಕೆ ಬರಲ್ಲ ಅಂತ ಅಮ್ಮ. ಹಬ್ಬ ಮುಗಿಯಿತು, ನೋವು ಮುಗಿಯಲಿಲ್ಲ. ಬಾಟಲಿ ಮುಚ್ಚಳ ತೆಗೆದರೆ ನೋವು, ಒದ್ದೆ ಬಟ್ಟೆ ಹಿಂಡಿದರೆ ನೋವು. ಫೋನ್ ಹಿಡಿದಾಗ ಮಾತ್ರ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಶನಿವಾರ ಸಂಜೆ ವಿಜಯನಗರದಲ್ಲೇ ಒಂದು ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಟೋಕನ್ ಹಿಡಿದು ಕೂತರೆ ಪಕ್ಕದಲ್ಲಿ ಒಬ್ಬ ಬಾಣಂತಿ. ಕಿವಿ ಮುಚ್ಚುವ ಹಾಗೆ ಸ್ಕಾರ್ಫು, ಬಲಗೈಗೆ ಪಟ್ಟಿ. ಮಗು ಅವಳ ತಾಯಿಯ ತೊಡೆಯ ಮೇಲೆ. ನಾನು ಮಣಿಕಟ್ಟು ಒತ್ತಿಕೊಳ್ಳುವುದನ್ನು ನೋಡಿ ಆ ತಾಯಿ, ‘ನಿಮಗೂ ಅಲ್ಲೇನಾ?’ ಅಂದರು. ‘ಇವಳಿಗೆ ತಣ್ಣೀರಲ್ಲಿ ಕೈ ಇಡಬೇಡ ಅಂದ್ರೆ ಕೇಳಲ್ಲ ಕಣಪ್ಪಾ. ಶೀತ ಹಿಡಿದಿದೆ.’ ಮಗಳು ಏನೂ ಹೇಳಲಿಲ್ಲ. ಕಣ್ಣು ಮಾತ್ರ ಮೇಲೆ ಹೋಯಿತು.

ಒಳಗೆ ಡಾಕ್ಟರು ಹೆಬ್ಬೆರಳನ್ನು ಮಡಿಸಿ ಮುಷ್ಟಿ ಕಟ್ಟಲು ಹೇಳಿದರು. ಆಮೇಲೆ ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಗ್ಗಿಸಿದರು. ನಾನು ಅಯ್ಯೋ ಅಂದೆ. ‘ಮನೇಲಿ ಸಣ್ಣ ಮಗು ಇದೆಯಾ?’ ಅಂದರು. ‘ಇಲ್ಲ ಸಾರ್, ಮಗಳು ಪಿಯುಸಿ.’ ‘ಹಾಗಾದ್ರೆ ಫೋನ್ ತೆಗೀರಿ. ಹೇಗೆ ಹಿಡೀತೀರಿ ತೋರಿಸಿ.’

ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆ ಎರಡು ಟೆಂಡನ್‌ಗಳು, ಅಂದರೆ ಮಾಂಸಖಂಡವನ್ನು ಮೂಳೆಗೆ ಜೋಡಿಸುವ ಹುರಿಗಳು, ಒಂದು ಇಕ್ಕಟ್ಟಾದ ಗೂಡಿನೊಳಗೆ ಹಾದು ಹೋಗುತ್ತವಂತೆ. ಹೆಬ್ಬೆರಳನ್ನು ಅಗಲಿಸುವುದು, ನೆಟ್ಟಗೆ ಮಾಡುವುದು ಅವುಗಳ ಕೆಲಸ. ಅದೇ ಕೆಲಸ ಮತ್ತೆ ಮತ್ತೆ ನಡೆದರೆ ಗೂಡಿನ ಗೋಡೆ ದಪ್ಪವಾಗುತ್ತದೆ, ಟೆಂಡನ್ ಜಾರಲು ಜಾಗ ಸಾಲುವುದಿಲ್ಲ. ಮಗುವಿನ ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಹೆಬ್ಬೆರಳು ಅಗಲವಾಗುತ್ತದಲ್ಲ, ಅದಕ್ಕೇ ಬಾಣಂತಿಯರಲ್ಲಿ ಇದು ಜಾಸ್ತಿ. ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲೇ ಇದನ್ನು ವಿವರಿಸಿದ್ದರು, ಅವರ ಹೆಸರೇ ಕಾಯಿಲೆಗೂ ಇದೆ. ಮೊದಲ ಎಸ್ಸೆಮ್ಮೆಸ್ ಹೋಗಿದ್ದು 1992ರಲ್ಲಿ. ಹಾಗಾಗಿ ‘ಫೋನ್ ಕಾಯಿಲೆ’ ಅಂತ ಕರೆಯಬೇಡಿ ಅಂದರು ಡಾಕ್ಟರು. ಫೋನ್ ಒಂದೇ ಕಾರಣ ಅಂತಲೂ ಹೇಳಲಾಗದು, ಆದರೆ ನೀವು ಹಿಡಿಯುವ ರೀತಿ ನೋಡಿದರೆ ಅದಕ್ಕೆ ದೊಡ್ಡ ಪಾಲಿದೆ ಅಂದರು.

ಆ ರೀತಿ ನನಗೆ ಕಲಿಸಿದ್ದು ಮೆಟ್ರೋ. ವಿಜಯನಗರದಲ್ಲಿ ಹತ್ತಿದರೆ ಮೆಜೆಸ್ಟಿಕ್‌ವರೆಗೆ ಹೇಗೋ ನಿಲ್ಲಬಹುದು. ಅಲ್ಲಿ ಹಸಿರು ಲೈನಿನ ಜನವೂ ನುಗ್ಗುತ್ತಾರೆ. ಎಡಗೈ ಮೇಲಿನ ಹಿಡಿಗೆ ಹೋಗುತ್ತದೆ, ಬಲಗೈಯೊಂದೇ ಫೋನ್ ಹಿಡಿಯಬೇಕು, ಅದೇ ಟೈಪ್ ಮಾಡಬೇಕು. ಕವರ್ ಸೇರಿ ಇನ್ನೂರು ಗ್ರಾಂ ದಾಟುವ ಫೋನು. ಕಿರುಬೆರಳು ಕೆಳಗಿನಿಂದ ತಡೆದು ನಿಂತಿರುತ್ತದೆ, ಹೆಬ್ಬೆರಳು ಆ ಮೂಲೆಯಿಂದ ಈ ಮೂಲೆಗೆ ಚಾಚುತ್ತಿರುತ್ತದೆ. ನಾನು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಬೇರೆ, ಗ್ರೂಪಿನಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ‘ದಯವಿಟ್ಟು ಟ್ಯಾಂಕರ್ ದುಡ್ಡು ಕಟ್ಟಿ’ ಅನ್ನುವಷ್ಟರಲ್ಲಿ ಎಷ್ಟು ಒತ್ತಕ್ಷರ ನೋಡಿ! ಒಂದೊಂದಕ್ಕೂ ಹೆಬ್ಬೆರಳು ಇನ್ನೊಂದು ಸುತ್ತು ಓಡಬೇಕು. ಕನ್ನಡ ಬಿಡುವ ಮಾತಿಲ್ಲ. ಕೀಬೋರ್ಡ್ ಮಾಡುವವರು ಈ ಬಗ್ಗೆ ಸ್ವಲ್ಪ ಯೋಚಿಸಬಹುದಿತ್ತು ಅಷ್ಟೇ.

ಆಫೀಸಿನಲ್ಲಿ ಕೈ ನೋವು ಅಂದರೆ ಸಾಕು, ಎಲ್ಲರೂ ಕಾರ್ಪಲ್ ಟನಲ್ ಅನ್ನುತ್ತಾರೆ. ಅದು ಬೇರೆ. ಅದರಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಅಂಗೈ ಬುಡದಲ್ಲಿ ನರ ಒತ್ತಿಕೊಂಡಿರುತ್ತದೆ. ರಾತ್ರಿ ಮಲಗಿ ರೀಲ್ಸ್ ನೋಡುವಾಗ ನನ್ನ ಕಿರುಬೆರಳು ಜುಂ ಅನ್ನುತ್ತದಲ್ಲ, ಅದು ಇನ್ನೊಂದು ನರ. ಮೊಣಕೈ ಬಾಗಿಲಿಗೆ ತಾಗಿದರೆ ಶಾಕ್ ಹೊಡೆಯುತ್ತದಲ್ಲ, ಅದೇ. ಮೊಣಕೈ ಮಡಿಸಿಕೊಂಡೇ ಇದ್ದರೆ ಅದು ಎಳೆದುಕೊಳ್ಳುತ್ತದೆ. ಒಂದು ಫೋನಿನಿಂದ ಎರಡು ತಕರಾರು!

ಕೊಟ್ಟ ಪಟ್ಟಿ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿಬಿಡುತ್ತದೆ. ಮೀಟಿಂಗಿನಲ್ಲಿ ಯಾರು ಏನೇ ಹೇಳಲಿ, ನಾನು ಭೇಷ್ ಅಂದ ಹಾಗಿರುತ್ತದೆ. ಪಟ್ಟಿ ಹಾಕಿಕೊಂಡು ಟೈಪ್ ಮಾಡಲು ಆಗುವುದಿಲ್ಲ, ಚಿಕಿತ್ಸೆಯ ಮುಕ್ಕಾಲು ಪಾಲು ಅದೇ ಇರಬೇಕು. ಈಗ ನೋವು ಕಡಿಮೆ ಇದೆ, ಪೂರ್ತಿ ಹೋಗಿಲ್ಲ. ಹೋಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ ನೋಡೋಣ ಅಂದಿದ್ದಾರೆ.

ಅಲ್ಲಿಯವರೆಗೆ ಮೆಸೇಜು ಬಾಯಲ್ಲೇ. ಮೊನ್ನೆ ಕಬ್ಬನ್ ಪಾರ್ಕ್ ಹತ್ತಿರ ರೈಲಿನಲ್ಲಿ ನಿಂತು, ‘ಟ್ಯಾಂಕರ್ ರೇಟ್ ಜಾಸ್ತಿ ಆಗಿದೆ, ಭಾನುವಾರ ಎಲ್ಲರೂ ಮೀಟಿಂಗಿಗೆ ಬನ್ನಿ’ ಅಂತ ಫೋನಿಗೆ ಹೇಳಿದೆ. ಎದುರಿಗೆ ನಿಂತಿದ್ದವರು ತಲೆ ಎತ್ತಿ, ‘ನಿಮ್ಮಲ್ಲಿ ಎಷ್ಟು ಸಾರ್ ಈಗ?’ ಅಂದರು. ಎಂ.ಜಿ. ರೋಡ್ ದಾಟುವವರೆಗೂ ನೀರಿನದೇ ಮಾತು. ಅವರೂ ಕಾರ್ಯದರ್ಶಿಯಂತೆ.